ಜಿಕೊ ಮತ್ತು ಪಂದ್ಯದ ಕೊನೆಯ ನಿಮಿಷಗಳು

ಫುಟ್‌ಬಾಲ್ ಬಲ್ಲವರ ನಡುವೆ ಬ್ರೆಜಿಲ್‌ನ ಜಿಕೊ ಹೆಸರು ಬಂದಾಗಲೆಲ್ಲ ಒಂದೇ ತೀರ್ಪು ಕೇಳಿಬರುತ್ತದೆ: ಆಟಗಾರರಾಗಿ ಅಸಾಮಾನ್ಯರು, ತರಬೇತುದಾರರಾಗಿ ಸಾಧಾರಣ. ಹೀಗೆ ಹೇಳುವವರು 2006ರ ವಿಶ್ವಕಪ್‌ನಲ್ಲಿ ಅವರ ತರಬೇತಿಯ ಜಪಾನ್ ಕುಸಿದುಬಿದ್ದ ಎಂಟು ನಿಮಿಷಗಳನ್ನು ನೆನಪಿಸುತ್ತಾರೆ. ನಮ್ಮ ಕರಾವಳಿಯವರಾದರೆ 2015ರ ಡಿಸೆಂಬರಿನಲ್ಲಿ ಅವರದೇ ತರಬೇತಿಯ ಎಫ್‌ಸಿ ಗೋವಾ ಕೈಗೆ ಬಂದ ಕಪ್ಪನ್ನು ಬಿಟ್ಟುಕೊಟ್ಟ ರಾತ್ರಿಯನ್ನೂ ಸೇರಿಸುತ್ತಾರೆ. ಎರಡೂ ನಿಜ. ಆದರೂ ಈ ತೀರ್ಪು ಬಹಳ ಕಾಲದಿಂದ ನನ್ನನ್ನು ಕಾಡುತ್ತಿದೆ, ಏಕೆಂದರೆ ಇದೇ ವ್ಯಕ್ತಿ ಜಪಾನಿನ ಒಂದು ಉಕ್ಕಿನ ಕಾರ್ಖಾನೆಯ ಊರಿನಲ್ಲಿ, ವೃತ್ತಿಪರ ಆಟವೆಂದರೇನು ಎಂದು ತಿಳಿಯದಿದ್ದ ನೌಕರರ ತಂಡವೊಂದನ್ನು ಆ ದೇಶದಲ್ಲೇ ಅತಿ ಹೆಚ್ಚು ಪ್ರಶಸ್ತಿ ಗೆಲ್ಲುವ ಕ್ಲಬ್ ಆಗುವ ಹಾದಿಗೆ ಹಚ್ಚಿದರು. ಅಲ್ಲಿ ಕ್ರೀಡಾಂಗಣದ ಹೊರಗೆ ಅವರ ಪ್ರತಿಮೆ ನಿಂತಿದೆ. ಒಂದೆಡೆ ಇಷ್ಟು ದೃಢವಾಗಿ ಕಟ್ಟಿದ ಮನುಷ್ಯ ಮತ್ತೊಂದೆಡೆ ಆರೇ ನಿಮಿಷ ಕಾಪಾಡಿಕೊಳ್ಳಬೇಕಿದ್ದ ಮುನ್ನಡೆಯನ್ನು ಕಳೆದುಕೊಳ್ಳುವುದು ಹೇಗೆ? ಅದೃಷ್ಟದ ಮಾತು ನನಗೆ ಸಮಾಧಾನ ತರುವುದಿಲ್ಲ. ಈ ಎರಡಕ್ಕೂ ಒಂದೇ ಕಾರಣವಿದೆ ಎಂದು ನಾನು ನಂಬಿದ್ದೇನೆ. ಅದನ್ನು ಹುಡುಕಲು ಅವರು ಆಟಗಾರರಾಗಿ ಬೆಳೆದ ಬಗೆಯಿಂದಲೇ ಹೊರಡಬೇಕು.

ಒಟ್ಟಿಗೆ ಬೆಳೆದವರ ಆಟ

ಜಿಕೊ ಎಂದೇ ಹೆಸರಾದ ಅರ್ತುರ್ ಆಂಟುನೆಸ್ ಕೊಯಿಂಬ್ರಾ ಹುಟ್ಟಿದ್ದು 1953ರ ಮಾರ್ಚ್ 3ರಂದು, ರಿಯೊ ಡಿ ಜನೈರೊ ನಗರದ ಕ್ವಿಂಟಿನೊ ಎಂಬ ಬಡಾವಣೆಯಲ್ಲಿ. ಅಣ್ಣಂದಿರೂ ಆಟಗಾರರೇ, ಅವರಲ್ಲಿ ಎಡು ಅಮೆರಿಕಾ ಕ್ಲಬ್‌ನ ತಾರೆಯಾಗಿದ್ದರು. ಕಿರಿಯವನು ರಿಯೊದ ಫ್ಲಮೆಂಗೊ ಕ್ಲಬ್ ಸೇರಿದಾಗ ಎಷ್ಟು ಸಣಕಲಾಗಿದ್ದನೆಂದರೆ, ಅವನ ಮೈ ಕಟ್ಟಲೆಂದೇ ಕ್ಲಬ್ಬು ವರ್ಷಗಟ್ಟಲೆ ವ್ಯಾಯಾಮ ಮತ್ತು ಆಹಾರದ ಕಾರ್ಯಕ್ರಮವನ್ನು ನಡೆಸಿತು. ಈ ಸಂಗತಿಯನ್ನು ಬಹಳ ಜನ ಕುತೂಹಲದ ವಿಷಯವಾಗಿ ಮಾತ್ರ ಹೇಳಿ ಮುಂದೆ ಹೋಗುತ್ತಾರೆ. ನನಗೆ ಇದೇ ಮುಖ್ಯವಾಗಿ ಕಾಣುತ್ತದೆ. ಬ್ರೆಜಿಲ್‌ನ ಆಟವೆಂದರೆ ಹುಟ್ಟಿನಿಂದ ಬಂದ ವರ ಎಂದು ನಂಬುವವರಿಗೆ ಜಿಕೊ ಉತ್ತರವಾಗಿದ್ದಾರೆ: ಅವರ ಮೈಯನ್ನೇ ಕಟ್ಟಬೇಕಾಯಿತು. ಅವರ ಫ್ರೀಕಿಕ್ ಕೂಡ ಹಾಗೆಯೇ ಬಂದದ್ದು. ಅಭ್ಯಾಸ ಮುಗಿದು ಉಳಿದವರು ಹೊರಟ ಮೇಲೆ ಗೋಲುಕಂಬದ ಮೂಲೆಗೆ ಅಂಗಿಯೊಂದನ್ನು ತೂಗುಹಾಕಿ, ಚೆಂಡು ಅದಕ್ಕೆ ತಾಗುವವರೆಗೆ ಒದೆಯುತ್ತಿದ್ದವರು ಅವರು.

ಫ್ಲಮೆಂಗೊ ಪರ 500ಕ್ಕೂ ಹೆಚ್ಚು ಗೋಲು ಹೊಡೆದರು. 1981ರಲ್ಲಿ ಆ ತಂಡ ಚಿಲಿಯ ಕೊಬ್ರೆಲೊವಾವನ್ನು ಮಣಿಸಿ ಕೊಪಾ ಲಿಬೆರ್ತದೋರೆಸ್ ಗೆದ್ದಿತು. ಮೊಂಟೆವಿಡಿಯೊದಲ್ಲಿ ನಡೆದ ನಿರ್ಣಾಯಕ ಪಂದ್ಯದ ಎರಡೂ ಗೋಲುಗಳು ಜಿಕೊ ಅವರವು. ಅದೇ ಡಿಸೆಂಬರ್ 13ರಂದು ಟೋಕಿಯೊದಲ್ಲಿ ಲಿವರ್‌ಪೂಲ್ ತಂಡವನ್ನು 3-0ಯಿಂದ ಸೋಲಿಸಿದಾಗ ಅವರು ಒಂದೂ ಗೋಲು ಹೊಡೆಯಲಿಲ್ಲ, ಆದರೂ ಪಂದ್ಯಶ್ರೇಷ್ಠರಾದರು. ಜಪಾನಿನ ಜನ ಅವರನ್ನು ಮೊದಲು ಕಂಡದ್ದು ಆ ಮಧ್ಯಾಹ್ನವೇ ಇರಬೇಕು. ಆ ತಂಡದಲ್ಲಿ ಜೂನಿಯರ್, ಲಿಯಾಂಡ್ರೊ, ಆಂದ್ರಾಡೆ, ಅಡೀಲಿಯೊ ಎಲ್ಲರೂ ಅದೇ ಕ್ಲಬ್‌ನಲ್ಲಿ ಹುಡುಗರಾಗಿದ್ದಾಗಿನಿಂದ ಆಡಿ ಬೆಳೆದವರು. ಯಾರು ಎತ್ತ ಓಡುತ್ತಾರೆ, ಯಾರ ಜಾಗವನ್ನು ಯಾರು ತುಂಬುತ್ತಾರೆ ಎಂದು ಅಲ್ಲಿ ಯಾರೂ ಹೇಳಿಕೊಡಬೇಕಿರಲಿಲ್ಲ. ಜಿಕೊ ಕಂಡ ಸ್ವಾತಂತ್ರ್ಯ ಇಂಥದ್ದು: ಹತ್ತು ಹನ್ನೆರಡು ವರ್ಷ ಒಂದೇ ಅಂಗಳದಲ್ಲಿ ಆಡಿದವರು ಒಬ್ಬರಿಗೊಬ್ಬರು ಕೊಟ್ಟುಕೊಂಡ ಸ್ವಾತಂತ್ರ್ಯ.

ಕೋಚ್ ಟೆಲೆ ಸಾಂತಾನಾ ಅವರ ಕೈಕೆಳಗೆ ಜಿಕೊ ಆಡಿದ 1982ರ ವಿಶ್ವಕಪ್‌ನ ಬ್ರೆಜಿಲ್ ತಂಡವನ್ನು ಮತ್ತೆ ವರ್ಣಿಸಬೇಕಾಗಿಲ್ಲ. ಬಾರ್ಸಿಲೋನಾದ ಸಾರಿಯಾ ಮೈದಾನದಲ್ಲಿ ಜುಲೈ 5ರಂದು ಇಟಲಿಯ ವಿರುದ್ಧ ಡ್ರಾ ಸಾಕಾಗಿತ್ತು. 68ನೇ ನಿಮಿಷದಲ್ಲಿ ಫಾಲ್ಕಾವೊ 2-2 ಮಾಡಿದರು, ಆರು ನಿಮಿಷಗಳ ನಂತರ ಪಾವೊಲೊ ರೊಸ್ಸಿ ತಮ್ಮ ಮೂರನೆಯ ಗೋಲು ಹೊಡೆದರು. ಡ್ರಾ ಸಾಕಾಗಿದ್ದರೂ ಬ್ರೆಜಿಲ್ ದುಡುಕಿ ದಾಳಿಗೆ ಹೋಗಿ ಸೋತಿತು ಎಂಬ ಮಾತು ಅಂದಿನಿಂದ ಇಂದಿನವರೆಗೆ ಪಾಠದಂತೆ ಉಳಿದಿದೆ. ಆದರೆ ಆ ಮೂರನೆಯ ಗೋಲು ಬಂದದ್ದು ಕಾರ್ನರ್‌ನಿಂದ. ಹಳದಿ ಅಂಗಿಯವರು ಆಗ ದೂರದಲ್ಲಿ ದಾಳಿ ಮಾಡುತ್ತಿರಲಿಲ್ಲ. ತಮ್ಮದೇ ಪೆನಾಲ್ಟಿ ಆವರಣದಲ್ಲಿ ಗುಂಪಾಗಿ ನಿಂತಿದ್ದರು. ಮುಂದೆ ಜಿಕೊ ಅವರ ತರಬೇತಿಯನ್ನು ಅಳೆಯುವಾಗಲೂ ಜನ ಇದೇ ಸುಲಭದ ಪಾಠವನ್ನು ಬಳಸಿದ್ದರಿಂದ ಈ ಸಣ್ಣ ತಿದ್ದುಪಡಿ ಅಗತ್ಯವೆನಿಸಿತು.

ಆಮೇಲಿನದು ನೋವಿನ ಕಥೆ, ಬೇಗ ಮುಗಿಸುತ್ತೇನೆ. 1983ರಲ್ಲಿ ಇಟಲಿಯ ಉದಿನೆಸೆ ಕ್ಲಬ್‌ಗೆ ಹೋದರು. ಆ ವರ್ಗಾವಣೆಗೆ ಅಡ್ಡಿ ಬಂದಾಗ ಉದಿನೆ ಊರಿನವರು ‘ಜಿಕೊ ಇಲ್ಲವೇ ಆಸ್ಟ್ರಿಯಾ’, ಅಂದರೆ ಅವರನ್ನು ಬಿಡದಿದ್ದರೆ ಇಟಲಿಯನ್ನೇ ಬಿಟ್ಟು ಆಸ್ಟ್ರಿಯಾ ಸೇರುತ್ತೇವೆ, ಎಂದು ಬೀದಿಗಿಳಿದಿದ್ದರು. ಮೊದಲ ಋತುವಿನಲ್ಲೇ ಅವರು 19 ಗೋಲು ಹೊಡೆದು, ಲೀಗ್‌ನ ಅಗ್ರ ಗೋಲುಗಾರ ಪ್ಲಾಟಿನಿ ಅವರಿಗಿಂತ ಒಂದೇ ಒಂದು ಗೋಲು ಹಿಂದೆ ನಿಂತರು. 1985ರಲ್ಲಿ ರಿಯೊಗೆ ಮರಳಿದ ಕೆಲವೇ ವಾರಗಳಲ್ಲಿ ಒಂದು ಒರಟು ಟ್ಯಾಕಲ್ ಅವರ ಮೊಣಕಾಲನ್ನು ಹಾಳುಗೆಡವಿತು. 1986ರ ವಿಶ್ವಕಪ್‌ನಲ್ಲಿ, ಗ್ವಾಡಲಹಾರಾದಲ್ಲಿ ಫ್ರಾನ್ಸ್ ವಿರುದ್ಧ, ಬದಲಿ ಆಟಗಾರರಾಗಿ ಆಗಷ್ಟೇ ಮೈದಾನಕ್ಕಿಳಿದಿದ್ದ ಅವರು ಒದ್ದ ಪೆನಾಲ್ಟಿಯನ್ನು ಗೋಲ್‌ಕೀಪರ್ ಬಾಟ್ಸ್ ತಡೆದರು. ಶೂಟೌಟ್‌ನಲ್ಲಿ ಜಿಕೊ ಮತ್ತೆ ಬಂದು ಗೋಲು ಹೊಡೆದದ್ದನ್ನು ಯಾರೂ ನೆನಪಿಟ್ಟುಕೊಳ್ಳಲಿಲ್ಲ. ಆ ಹೊತ್ತಿನಲ್ಲಿ ಎರಡನೆಯ ಸಲ ಚೆಂಡಿನ ಮುಂದೆ ಹೋಗಿ ನಿಲ್ಲುವುದಕ್ಕೆ ಎಂಥ ಎದೆ ಬೇಕು ಎಂದು ನಾನು ಈಗಲೂ ಯೋಚಿಸುತ್ತೇನೆ.

ಉಕ್ಕಿನ ಕಾರ್ಖಾನೆಯ ಊರು

ಆಟ ಬಿಟ್ಟ ಜಿಕೊ 1990ರಲ್ಲಿ ಒಂದು ವರ್ಷ ಬ್ರೆಜಿಲ್ ಸರ್ಕಾರದ ಕ್ರೀಡಾ ಖಾತೆಯನ್ನು ನೋಡಿಕೊಂಡರು. ಅದನ್ನು ಬಿಟ್ಟು 1991ರಲ್ಲಿ, ತಮ್ಮ 38ನೇ ವಯಸ್ಸಿನಲ್ಲಿ, ಸುಮಿತೊಮೊ ಮೆಟಲ್ಸ್ ಎಂಬ ಉಕ್ಕಿನ ಕಂಪನಿಯ ತಂಡಕ್ಕೆ ಆಡಲು ಜಪಾನಿಗೆ ಹೊರಟರು. ಟೋಕಿಯೊದ ಪೂರ್ವಕ್ಕೆ, ಪೆಸಿಫಿಕ್ ಕಡಲ ಬದಿಯಲ್ಲಿ, ಇಬರಾಕಿ ಪ್ರಾಂತದ ಕಾಶಿಮಾ ಎಂಬ ಸಣ್ಣ ಊರು ಅದು. ಅಲ್ಲಿರುವುದು ಪುರಾತನ ಶಿಂತೊ ದೇಗುಲ, ಅದರ ಪವಿತ್ರ ಜಿಂಕೆಗಳು ಮತ್ತು ಈ ಕಾರ್ಖಾನೆ. ತಂಡ ಆಡುತ್ತಿದ್ದದ್ದು ಎರಡನೆಯ ದರ್ಜೆಯ ಲೀಗ್‌ನಲ್ಲಿ. ರಿಯೊದ ಮರಕಾನಾ ಕ್ರೀಡಾಂಗಣದಲ್ಲಿ ಲಕ್ಷ ಜನರ ಎದುರು ಆಡಿದವರು ಅಲ್ಲಿ ಬೆರಳೆಣಿಕೆಯ ಪ್ರೇಕ್ಷಕರ ಎದುರು ಆಡಿ, ಆ ಋತುವಿನಲ್ಲಿ 21 ಗೋಲು ಹೊಡೆದು ಲೀಗ್‌ನ ಅಗ್ರ ಗೋಲುಗಾರರಾದರು.

ಹೊಸದಾಗಿ ಹುಟ್ಟಲಿದ್ದ ವೃತ್ತಿಪರ ಜೆ-ಲೀಗ್‌ಗೆ ಈ ತಂಡ ಸೇರುವುದು ‘99.9999 ಪಾಲು ಅಸಾಧ್ಯ’ ಎಂದು ಲೀಗ್‌ನ ಮುಖ್ಯಸ್ಥ ಕವಾಬುಚಿ ಸಬುರೊ ಹೇಳಿದ್ದರು. ಚಾವಣಿಯಿರುವ, 15,000 ಆಸನಗಳ, ಫುಟ್‌ಬಾಲಿಗೆಂದೇ ಕಟ್ಟಿದ ಕ್ರೀಡಾಂಗಣವಿದ್ದರೆ ನೋಡೋಣ ಎಂಬುದು ಅವರ ಷರತ್ತು. ಪ್ರಾಂತದ ಆಡಳಿತವೂ ಊರೂ ಕಂಪನಿಯೂ ಕೂಡಿ ಕಟ್ಟಿಯೇಬಿಟ್ಟವು. ತಂಡಕ್ಕೆ ಜಿಂಕೆಯ ಕೊಂಬಿನ ಹೆಸರು ಬಂತು: ಕಾಶಿಮಾ ಆಂಟ್ಲರ್ಸ್.

ನಾನು ಜಿಕೊ ಅವರ ತರಬೇತಿಯ ಕೆಲಸವನ್ನು ಇಲ್ಲಿಂದಲೇ ಎಣಿಸುತ್ತೇನೆ, ಆಗ ಅವರ ಹುದ್ದೆ ಆಟಗಾರ ಎಂದೇ ಇದ್ದರೂ. ಸಮಯಕ್ಕೆ ಬರುವುದು, ಬೂಟುಗಳನ್ನು ತಾವೇ ಸರಿಯಾಗಿ ನೋಡಿಕೊಳ್ಳುವುದು, ಹತ್ತಿರದ ಪಾಸನ್ನೂ ದೂರದ ಪಾಸಿನಷ್ಟೇ ಗಮನ ಕೊಟ್ಟು ಒದೆಯುವುದು, ಅಭ್ಯಾಸ ಪಂದ್ಯದ ಸೋಲಿಗೂ ನಿದ್ದೆಗೆಡುವುದು ಇವನ್ನೆಲ್ಲ ಅವರು ಒಂದೊಂದಾಗಿ ಹೇಳಿದರು, ರೇಗಿದರು, ಮಾಡಿ ತೋರಿಸಿದರು. 1993ರ ಆರಂಭದಲ್ಲಿ ಇಟಲಿಗೆ ಶಿಬಿರಕ್ಕೆ ಹೋದಾಗ ತಂಡ ಕ್ರೊಯೇಷಿಯಾ ವಿರುದ್ಧ 1-8ರಿಂದ ಸೋತಿತು. ಅಭ್ಯಾಸ ಪಂದ್ಯ ತಾನೆ ಎಂದು ಬಿಡಬಹುದಿತ್ತು. ಜಿಕೊ ಬಿಡಲಿಲ್ಲ. ಎಲ್ಲಿ ಯಾರು ನಿಲ್ಲಬೇಕಿತ್ತು, ಯಾರು ಯಾರಿಗೆ ಕೂಗಿ ಹೇಳಬೇಕಿತ್ತು ಎಂದು ತಂಡವನ್ನು ಕೂರಿಸಿಕೊಂಡು ಬಿಡಿಸಿದರು. ಮೇ 16ರಂದು ತಮ್ಮ ಹೊಸ ಕ್ರೀಡಾಂಗಣದಲ್ಲಿ ಜೆ-ಲೀಗ್‌ನ ಮೊದಲ ಪಂದ್ಯವಾಡಿದ ಆಂಟ್ಲರ್ಸ್, ಗ್ಯಾರಿ ಲಿನೆಕರ್ ಇದ್ದ ನಗೋಯಾ ತಂಡವನ್ನು 5-0ಯಿಂದ ಸೋಲಿಸಿತು. 40 ವರ್ಷದ ಜಿಕೊ ಅವರದು ಮೂರು ಗೋಲು. ಆ ವರ್ಷದ ಲೀಗ್‌ನ ಮೊದಲ ಹಂತವನ್ನು ಗೆದ್ದದ್ದೂ ಇದೇ ತಂಡ.

ಅವರು ಸಂತರಾಗಿದ್ದರು ಎಂದು ನಾನು ಹೇಳುತ್ತಿಲ್ಲ. 1994ರ ಜನವರಿಯಲ್ಲಿ ವರ್ಡಿ ಕವಾಸಾಕಿ ವಿರುದ್ಧದ ಚಾಂಪಿಯನ್‌ಷಿಪ್ ಪಂದ್ಯದಲ್ಲಿ ಎದುರಾಳಿ ಪೆನಾಲ್ಟಿ ಒದೆಯಲು ನಿಂತಾಗ ಚೆಂಡಿನ ಮೇಲೆ ಉಗುಳಿ ಮೈದಾನದಿಂದ ಹೊರಹಾಕಿಸಿಕೊಂಡರು. ಗೆಲ್ಲಲೇಬೇಕೆಂಬ ಹಟದ ಕೆಟ್ಟ ಮುಖ ಅದು. ಒಳ್ಳೆಯ ಮುಖವೂ ಉಳಿದುಕೊಂಡಿತು: ಸಮರ್ಪಣೆ, ಪ್ರಾಮಾಣಿಕತೆ, ಗೌರವ ಎಂಬ ಮೂರು ಮಾತುಗಳನ್ನು ಅವರ ಹೆಸರಿನಲ್ಲಿ ಆಂಟ್ಲರ್ಸ್ ಇಂದಿಗೂ ತನ್ನ ಮೂಲತತ್ತ್ವವಾಗಿ ಹೇಳಿಕೊಳ್ಳುತ್ತದೆ. ಜಿಕೊ ಆಟ ನಿಲ್ಲಿಸಿದ ಮೇಲೆ ತಾಂತ್ರಿಕ ನಿರ್ದೇಶಕರಾಗಿ ಮರಳಿದರು. ಜಾರ್ಜಿನ್ಯೊ, ಲಿಯೊನಾರ್ಡೊರಂಥ ವಿಶ್ವಕಪ್ ಗೆದ್ದ ಬ್ರೆಜಿಲಿಯನ್ನರು ಆ ಊರಿಗೆ ಬಂದು ಆಡಿದರು. 1982ರ ಸಂಗಾತಿ ಟೊನಿನ್ಯೊ ಸೆರೆಜೊ ಕೋಚ್ ಆಗಿದ್ದ 2000ನೇ ಇಸವಿಯಲ್ಲಿ ತಂಡ ದೇಶದ ಮೂರೂ ಪ್ರಶಸ್ತಿಗಳನ್ನು ಒಟ್ಟಿಗೆ ಗೆದ್ದಿತು. 1996ರಿಂದ 2016ರೊಳಗೆ ಲೀಗ್ ಪ್ರಶಸ್ತಿ 8 ಬಾರಿ ಕಾಶಿಮಾಕ್ಕೆ ಬಂತು. 99.9999 ಪಾಲು ಅಸಾಧ್ಯವೆಂದಿದ್ದ ಆ ಕವಾಬುಚಿ ಅವರೇ 2002ರಲ್ಲಿ ಜಪಾನ್ ಫುಟ್‌ಬಾಲ್ ಸಂಸ್ಥೆಯ ಅಧ್ಯಕ್ಷರಾಗಿ, ರಾಷ್ಟ್ರೀಯ ತಂಡವನ್ನು ಜಿಕೊ ಅವರಿಗೆ ಒಪ್ಪಿಸಿದರು.

ಆರೂವರೆಯ ಪಂದ್ಯ

ಜಿಕೊಗಿಂತ ಮೊದಲು ಜಪಾನಿನ ಕೋಚ್ ಆಗಿದ್ದವರು ಫ್ರಾನ್ಸ್‌ನ ಫಿಲಿಪ್ ಟ್ರೂಸಿಯೆ. ಮೂವರು ರಕ್ಷಕರು ಒಂದೇ ಗೆರೆಯಲ್ಲಿ ಹೇಗೆ ಏರಬೇಕು, ಹೇಗೆ ಇಳಿಯಬೇಕು ಎಂದು ಗೆರೆ ಎಳೆದು ಕೊಟ್ಟವರು ಅವರು. ಜಿಕೊ ಬಂದ ಕೂಡಲೇ ಆ ಗೆರೆಗಳನ್ನು ಅಳಿಸಿದರು. 2002ರ ಅಕ್ಟೋಬರಿನಲ್ಲಿ ಜಮೈಕಾ ವಿರುದ್ಧದ ತಮ್ಮ ಮೊದಲ ಪಂದ್ಯದಲ್ಲೇ ನಕಾಟಾ ಹಿದೆತೊಶಿ, ನಕಾಮುರಾ, ಒನೊ, ಇನಾಮೊತೊ ನಾಲ್ವರನ್ನೂ ಮಿಡ್‌ಫೀಲ್ಡ್‌ನಲ್ಲಿ ಒಟ್ಟಿಗೆ ಇಳಿಸಿದರು. ಜಿಕೊ ಸೇರಿದ್ದ 1982ರ ಬ್ರೆಜಿಲ್‌ನ ನಾಲ್ವರು ಮಿಡ್‌ಫೀಲ್ಡರ್‌ಗಳನ್ನು ನೆನೆದವರಿಗೆ ಅದರ ಅರ್ಥ ಬಿಡಿಸಿ ಹೇಳಬೇಕಾಗಿರಲಿಲ್ಲ. ನೀವು ಬೆಳೆದವರು, ಮೈದಾನದಲ್ಲಿ ನೀವೇ ಮಾತಾಡಿಕೊಂಡು ನಿರ್ಧರಿಸಿ ಎಂಬುದೇ ಅವರ ಪದ್ಧತಿಯಾಯಿತು. ನಂಬಿಕೆ ಮುರಿದವರನ್ನು ಸಹಿಸಲಿಲ್ಲ; ಶಿಬಿರದಿಂದ ರಾತ್ರಿ ಹೊರಗೆ ಹೋದ ಆಟಗಾರರನ್ನು ತಂಡದಿಂದ ಕೈಬಿಟ್ಟರು. ಆದರೆ ಆಟದ ಒಳಗೆ ಮಾತ್ರ ಕಡಿವಾಣ ಹಾಕಲಿಲ್ಲ.

ಇದು ಗೆಲುವುಗಳನ್ನು ತಂದಿತು, ಅದರಲ್ಲೂ ಕೊನೆಯ ನಿಮಿಷದ ಗೆಲುವುಗಳನ್ನು. ವಿಶ್ವಕಪ್ ಅರ್ಹತಾ ಸುತ್ತಿನಲ್ಲಿ ಒಮಾನ್ ವಿರುದ್ಧ, ಉತ್ತರ ಕೊರಿಯಾ ವಿರುದ್ಧ ಗೆಲುವಿನ ಗೋಲು ಬಂದದ್ದು ಗಾಯದ ಸಮಯದಲ್ಲಿ, ಅಂದರೆ 90 ನಿಮಿಷ ಮುಗಿದ ಮೇಲೆ ಸೇರಿಸಿದ ನಿಮಿಷಗಳಲ್ಲಿ. (ಭಾರತವೂ ಆ ಅರ್ಹತಾ ಸುತ್ತಿನಲ್ಲಿ ಅದೇ ಗುಂಪಿನಲ್ಲಿತ್ತು, ಸೈತಾಮಾದಲ್ಲಿ 0-7, ಕೋಲ್ಕತ್ತದಲ್ಲಿ 0-4.) ಚೀನಾದಲ್ಲಿ ನಡೆದ 2004ರ ಏಷ್ಯಾ ಕಪ್‌ಗೆ ನಕಾಟಾ, ಒನೊ ಇಲ್ಲದ ತಂಡ ಹೋಯಿತು. ಪ್ರತಿ ಪಂದ್ಯದಲ್ಲೂ ಪ್ರೇಕ್ಷಕರು ಅವರ ವಿರುದ್ಧವೇ ಕೂಗುತ್ತಿದ್ದರು. ಸೆಮಿಫೈನಲ್‌ನಲ್ಲಿ ಹತ್ತೇ ಜನ ಉಳಿದಿದ್ದಾಗ, ಬಹ್ರೇನ್ ವಿರುದ್ಧ ಕೊನೆಯ ನಿಮಿಷದಲ್ಲಿ 3-3 ಮಾಡಿ ಹೆಚ್ಚುವರಿ ಸಮಯದಲ್ಲಿ ಗೆದ್ದರು. ಬೀಜಿಂಗ್‌ನ ಫೈನಲ್‌ನಲ್ಲಿ ಚೀನಾವನ್ನು 3-1ರಿಂದ ಸೋಲಿಸಿದರು. 2005ರ ಜೂನ್‌ನಲ್ಲಿ ಬ್ಯಾಂಕಾಕ್‌ನ ಖಾಲಿ ಕ್ರೀಡಾಂಗಣದಲ್ಲಿ ಉತ್ತರ ಕೊರಿಯಾವನ್ನು ಮಣಿಸಿ, ಆತಿಥೇಯ ಜರ್ಮನಿಯನ್ನು ಬಿಟ್ಟರೆ ವಿಶ್ವಕಪ್‌ಗೆ ಎಲ್ಲರಿಗಿಂತ ಮೊದಲು ಅರ್ಹತೆ ಪಡೆದರು.

2006ರ ಜೂನ್ 12, ಸೋಮವಾರ. ಕೈಸರ್ಸ್‌ಲೌಟರ್ನ್‌ನಲ್ಲಿ ಮಧ್ಯಾಹ್ನ ಮೂರಕ್ಕೆ ಆರಂಭವಾದ ಪಂದ್ಯ ನಮಗೆ ಸಂಜೆ ಆರೂವರೆಗೆ ಸಿಕ್ಕಿತು. ಕಾರವಾರದ ನಮ್ಮ ಮನೆಯ ಹೊರಗೆ ಮಳೆ ಸುರಿಯುತ್ತಿತ್ತು. ಒಳಗೆ ಟಿವಿಯ ಮುಂದೆ ನಾನೂ ನನ್ನ ಭಾವನೂ ಕುಳಿತಿದ್ದೆವು. ಜರ್ಮನಿಯಲ್ಲಿ ಬಿಸಿಲು ಎಷ್ಟಿತ್ತೆಂಬುದು ಆಟಗಾರರ ಅಂಗಿಯಲ್ಲೇ ಕಾಣುತ್ತಿತ್ತು. 26ನೇ ನಿಮಿಷದಲ್ಲಿ ನಕಾಮುರಾ ಕಳುಹಿಸಿದ ಚೆಂಡು ಆಸ್ಟ್ರೇಲಿಯಾದ ಗೋಲ್‌ಕೀಪರನ್ನು ದಾಟಿ ಒಳಗೆ ಬಿತ್ತು. ಆಮೇಲೆ ಒಂದು ಗಂಟೆ ಜಪಾನ್ ಆ ಒಂದು ಗೋಲನ್ನು ಹೊತ್ತುಕೊಂಡು ಓಡಿತು. ಆಸ್ಟ್ರೇಲಿಯಾದ ಕೋಚ್ ಗೂಸ್ ಹಿಡಿಂಕ್ ಒಬ್ಬೊಬ್ಬರಾಗಿ ಎತ್ತರದ, ತಾಜಾ ಕಾಲಿನ ಆಟಗಾರರನ್ನು ಇಳಿಸುತ್ತ ಹೋದರು: ಕೇಹಿಲ್, ಕೆನಡಿ, ಅಲೋಯಿಸಿ. 79ನೇ ನಿಮಿಷದಲ್ಲಿ ಜಿಕೊ ಮುಂಚೂಣಿಯ ಯನಾಗಿಸಾವಾ ಅವರನ್ನು ಹೊರಕರೆದು ಒನೊ ಅವರನ್ನು ಕಳುಹಿಸಿದರು. ಭಾವ ಕೇಳಿದ, “ಈಗ ಇವರು ಕಾಯಬೇಕೋ, ಇನ್ನೊಂದು ಗೋಲು ಹೊಡೀಬೇಕೋ?” ಆ ಪ್ರಶ್ನೆ ಮೈದಾನದಲ್ಲಿದ್ದವರಿಗೂ ಇತ್ತು ಎಂಬುದು ಆಮೇಲೆ ಗೊತ್ತಾಯಿತು. ನಾಯಕ ಮಿಯಾಮೊತೊ ರಕ್ಷಣಾ ಗೆರೆಯನ್ನು ಹಿಂದಕ್ಕೆ ಎಳೆಯುತ್ತಿದ್ದರು. ನಕಾಟಾ ಮುಂದಕ್ಕೇರಿ ಒತ್ತಡ ಹಾಕಬೇಕೆನ್ನುತ್ತಿದ್ದರು. ಇಬ್ಬರ ನಡುವೆ ತಿಂಗಳುಗಳಿಂದ ತೀರ್ಮಾನವಾಗದೆ ಉಳಿದಿದ್ದ ವಾದ ಅದು. 84ನೇ ನಿಮಿಷದಲ್ಲಿ ಒಂದು ಉದ್ದದ ಥ್ರೋ ಬಂತು. ಅಲ್ಲಿಯವರೆಗೆ ಅದ್ಭುತವಾಗಿ ತಡೆದಿದ್ದ ಗೋಲ್‌ಕೀಪರ್ ಕವಾಗುಚಿ ಮುಂದೆ ಬಂದು ಚೆಂಡನ್ನು ತಪ್ಪಿಸಿಕೊಂಡರು, ಕೇಹಿಲ್ ಒಳಗೆ ತಳ್ಳಿದರು. 89ರಲ್ಲಿ ಮತ್ತೆ ಕೇಹಿಲ್, ಗಾಯದ ಸಮಯದಲ್ಲಿ ಅಲೋಯಿಸಿ. 1-3.

ಜಿಕೊ ಆಟಗಾರರಿಗೆ ಸ್ವಾತಂತ್ರ್ಯ ಕೊಟ್ಟದ್ದೇ ಸೋಲಿಗೆ ಕಾರಣ ಎಂದು ಆಗ ಬಹಳ ಜನ ಬರೆದರು. ನಾನು ಒಪ್ಪುವುದಿಲ್ಲ. ಬೆನ್ನಟ್ಟುವಾಗ ಆ ಸ್ವಾತಂತ್ರ್ಯವೇ ಬಹ್ರೇನ್ ವಿರುದ್ಧ ಗೆಲ್ಲಿಸಿತ್ತು. ಹಿಂದಿರುವ ತಂಡದಲ್ಲಿ ಎಲ್ಲರಿಗೂ ಬೇಕಾದದ್ದು ಒಂದೇ, ಗೋಲು. ಅಲ್ಲಿ ಒಮ್ಮತ ತಾನಾಗಿ ಬರುತ್ತದೆ. ಮುಂದಿರುವ ತಂಡದಲ್ಲಿ ಹನ್ನೊಂದು ಜನರಿಗೆ ಹನ್ನೊಂದು ಬಗೆಯ ಭಯವಿರುತ್ತದೆ. ಅಲ್ಲಿ ಒಮ್ಮತ ಮೊದಲೇ ಆಗಿರಬೇಕು, ಅದೂ ಮಾತಿನಲ್ಲಲ್ಲ, ಕಾಲಿನ ಅಭ್ಯಾಸದಲ್ಲಿ. ಫ್ಲಮೆಂಗೊದ ಹುಡುಗರಿಗೆ ಅದು ಬಾಲ್ಯದಿಂದ ಬಂದಿತ್ತು. ಕಾಶಿಮಾದ ನೌಕರರಿಗೆ ಜಿಕೊ ಅವರೇ ವರ್ಷಗಟ್ಟಲೆ ರೇಗಿ ಕಲಿಸಿದ್ದರು. ರಾಷ್ಟ್ರೀಯ ತಂಡದಲ್ಲಿ ಆಟಗಾರರು ಇಟಲಿಯಿಂದ, ಸ್ಕಾಟ್ಲೆಂಡಿನಿಂದ, ತಮ್ಮ ತಮ್ಮ ಊರಿನ ಕ್ಲಬ್‌ಗಳಿಂದ ಕೆಲವು ದಿನಗಳಿಗೆ ಬಂದು ಸೇರುತ್ತಿದ್ದರು. ಅವರು ಬೆಳೆದವರು ಎಂದು ಜಿಕೊ ನಂಬಿದ್ದು ಸರಿ. ಅವರು ಒಟ್ಟಿಗೆ ಬೆಳೆದವರಲ್ಲ ಎಂಬುದನ್ನು ಅವರು ಸಾಕಷ್ಟು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಕ್ರೊಯೇಷಿಯಾ ವಿರುದ್ಧ 0-0. ಡಾರ್ಟ್‌ಮುಂಡ್‌ನಲ್ಲಿ ಬ್ರೆಜಿಲ್ ವಿರುದ್ಧ ತಮಾಡಾ ಮೊದಲ ಗೋಲು ಹೊಡೆದರು, ಆಮೇಲೆ ಬ್ರೆಜಿಲ್ ನಾಲ್ಕು ಹೊಡೆಯಿತು. ಪಂದ್ಯ ಮುಗಿದ ಮೇಲೆ ನಕಾಟಾ ಮೈದಾನದ ನಡುವೆ ಮಲಗಿಬಿಟ್ಟಿದ್ದರು. ಕೆಲವೇ ದಿನಗಳಲ್ಲಿ, 29ರ ವಯಸ್ಸಿಗೆ, ಆಟದಿಂದಲೇ ನಿವೃತ್ತರಾದರು.

ಗೋಲ್‌ಕೀಪರ್‌ಗಳು

ಜಿಕೊ ಅವರ ನಂಬಿಕೆಯ ಅಳತೆ ಸಿಗಬೇಕಾದರೆ ಅವರ ಗೋಲ್‌ಕೀಪರ್‌ಗಳನ್ನು ನೋಡಬೇಕು. ತಪ್ಪು ಮಾಡಿದರೆ ಎಲ್ಲರಿಗೂ ಕಾಣುವ ಜಾಗ ಅದು, ಕೋಚ್‌ಗಳು ಎಲ್ಲಕ್ಕಿಂತ ಬೇಗ ಧೈರ್ಯ ಕಳೆದುಕೊಳ್ಳುವ ಜಾಗವೂ ಹೌದು. 2004ರಲ್ಲಿ ಚೊಂಗ್‌ಚಿಂಗ್‌ನಲ್ಲಿ ಜೋರ್ಡಾನ್ ವಿರುದ್ಧದ ಶೂಟೌಟ್‌ನಲ್ಲಿ ಜಪಾನಿನ ಮೊದಲ ಇಬ್ಬರೂ ಸಡಿಲ ಹುಲ್ಲಿನ ಮೇಲೆ ಜಾರಿ ಪೆನಾಲ್ಟಿ ತಪ್ಪಿಸಿದರು. ಆಗ ನಾಯಕ ಮಿಯಾಮೊತೊ ರೆಫರಿಯ ಹತ್ತಿರ ಹೋಗಿ ವಾದಿಸಿ, ಶೂಟೌಟನ್ನು ಇನ್ನೊಂದು ಬದಿಯ ಗೋಲಿಗೆ ಬದಲಾಯಿಸಿಕೊಂಡರು. ಆಟಗಾರರು ಮೈದಾನದಲ್ಲಿ ತಾವೇ ನಿರ್ಧರಿಸಬೇಕೆಂಬ ಜಿಕೊ ಅವರ ಮಾತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಆ ಬಳಿಕ ಕವಾಗುಚಿ ಗೋಡೆಯಾದರು, ಜಪಾನ್ 4-3ರಿಂದ ಉಳಿದುಕೊಂಡಿತು.

ವಿಶ್ವಕಪ್ ಮುಗಿದ ಮೇಲೆ ಜಿಕೊ ಇಸ್ತಾಂಬುಲ್‌ನ ಫೆನರ್ಬಾಚೆಗೆ ಹೋಗಿ, ಆ ಕ್ಲಬ್‌ನ ಶತಮಾನೋತ್ಸವದ ಋತುವಿನಲ್ಲೇ ಲೀಗ್ ಗೆಲ್ಲಿಸಿದರು. 2008ರ ಮಾರ್ಚ್ 4ರಂದು ಚಾಂಪಿಯನ್ಸ್ ಲೀಗ್‌ನಲ್ಲಿ ಸೆವಿಯಾ ಊರಿನಲ್ಲಿ ಪಂದ್ಯ. ಇಸ್ತಾಂಬುಲ್‌ನಲ್ಲಿ 3-2ರಿಂದ ಗೆದ್ದು ಹೋಗಿದ್ದ ತಂಡದ ಗೋಲ್‌ಕೀಪರ್ ವೋಲ್ಕನ್ ಡೆಮಿರೆಲ್, ಮೊದಲ ಹತ್ತು ನಿಮಿಷಗಳೊಳಗೆ ಎರಡು ಕೆಟ್ಟ ಗೋಲುಗಳನ್ನು ಬಿಟ್ಟುಕೊಟ್ಟರು. ಜಿಕೊ ಅವರನ್ನು ಬದಲಾಯಿಸಲಿಲ್ಲ. ಡೇವಿಡ್ ಎಂಬ ಬ್ರೆಜಿಲಿಯನ್ ಎರಡು ಗೋಲು ಹೊಡೆದು ತಂಡವನ್ನು ಶೂಟೌಟ್‌ವರೆಗೆ ಎಳೆತಂದರು. ಅಲ್ಲಿ ಅದೇ ವೋಲ್ಕನ್ ಮೂರು ಪೆನಾಲ್ಟಿಗಳನ್ನು ತಡೆದರು. ಕ್ವಾರ್ಟರ್‌ಫೈನಲ್‌ನಲ್ಲಿ ಚೆಲ್ಸಿಯನ್ನೂ ಇಸ್ತಾಂಬುಲ್‌ನಲ್ಲಿ 2-1ರಿಂದ ಸೋಲಿಸಿದರು. ಲಂಡನ್‌ನಲ್ಲಿ 0-2. ಅಲ್ಲಿಯೂ ಎರಡನೆಯ ಗೋಲು ಬಿದ್ದದ್ದು 87ನೇ ನಿಮಿಷದಲ್ಲಿ. ಅಲ್ಲಿಯವರೆಗೆ ಫೆನರ್ಬಾಚೆಗೆ ಒಂದೇ ಗೋಲಿನ ಅಗತ್ಯವಿತ್ತು. ಎರಡು ವರ್ಷ ಒಂದೇ ತಂಡವನ್ನು ಕೈಯಲ್ಲಿಟ್ಟುಕೊಂಡಿದ್ದಾಗ ಅವರು ತಲುಪಿದ ಎತ್ತರ ಇದು.

ಆಮೇಲೆ ಅಂಥ ಅವಧಿ ಅವರಿಗೆ ವಿರಳವಾಗಿಯೇ ಸಿಕ್ಕಿತು. ತಾಷ್ಕೆಂಟ್‌ನ ಬುನ್ಯೊದ್‌ಕೊರ್‌ನಲ್ಲಿ ಕೆಲವು ತಿಂಗಳು, ಅಷ್ಟರಲ್ಲೇ ಲೀಗ್ ಮತ್ತು ಕಪ್. ಮಾಸ್ಕೊದ ಸಿಎಸ್‌ಕೆಎಯಲ್ಲಿ 2009ರ ಕೆಲವು ತಿಂಗಳು, ಅಲ್ಲಿಯೂ ಕಪ್. ಗ್ರೀಸ್‌ನ ಒಲಿಂಪಿಯಾಕೊಸ್‌ನಲ್ಲಿ ಇನ್ನೂ ಕಡಿಮೆ. 2011ರಿಂದ ಇರಾಕ್ ತಂಡ. ತವರಿನಲ್ಲಿ ಆಡಲಾಗದೆ ದೋಹಾದಲ್ಲಿ ‘ತವರಿನ’ ಪಂದ್ಯಗಳನ್ನಾಡುತ್ತಿದ್ದ ಆ ತಂಡವನ್ನು 2012ರ ನವೆಂಬರಿನಲ್ಲಿ ಬಿಟ್ಟರು. ಕತಾರ್‌ನಲ್ಲೂ ಸ್ವಲ್ಪ ಕಾಲ. ಕಟ್ಟುವ ಸ್ವಭಾವದವರೊಬ್ಬರನ್ನು ಈ ಎಲ್ಲ ಕ್ಲಬ್‌ಗಳು ರಿಪೇರಿಗೆ ಕರೆದು ಕಳುಹಿಸಿದವು ಎಂದು ನನಗೆ ಬೇಸರವಾಗುತ್ತದೆ.

ಫಟೋರ್ಡಾ

2014ರಲ್ಲಿ ಇಂಡಿಯನ್ ಸೂಪರ್ ಲೀಗ್ ಆರಂಭವಾದಾಗ ಎಫ್‌ಸಿ ಗೋವಾ ಕೋಚ್ ಆಗಿ ಜಿಕೊ ಬಂದರು. ಕಾರವಾರದ ನಮಗೆ ಮಡಗಾಂವ್ ಎಂದರೆ ರೈಲಿನಲ್ಲಿ ಹೋಗಿ ಬರುವ ಊರು. ಟಿವಿಯಲ್ಲಿ ಮಾತ್ರ ಕಂಡಿದ್ದವರು ಫಟೋರ್ಡಾ ಕ್ರೀಡಾಂಗಣದ ಅಂಚಿನಲ್ಲಿ, ಕೈಕಟ್ಟಿಕೊಂಡು ನಿಂತಿರುತ್ತಿದ್ದರು. ಗೋವಾದ ಹಿರಿಯರಲ್ಲಿ ಪೋರ್ಚುಗೀಸ್ ಬಲ್ಲವರು ಇನ್ನೂ ಇದ್ದಾರೆ. ಅವರ ಪಾಲಿಗೆ ಅದು ಮಾತಾಡಿಸಬಹುದಾದ ದೊಡ್ಡ ಮನುಷ್ಯನ ಆಗಮನವಾಗಿತ್ತು. ರೋಮಿಯೊ ಫರ್ನಾಂಡಿಸ್, ಮಂದಾರ್ ರಾವ್ ದೇಸಾಯಿ ಮೊದಲಾದ ಸ್ಥಳೀಯ ಹುಡುಗರು ಮುನ್ನುಗ್ಗಿ ಆಡಿದರು. ರೋಮಿಯೊ 2015ರಲ್ಲಿ ಬ್ರೆಜಿಲ್‌ನ ಅಟ್ಲೆಟಿಕೊ ಪರನಾಯೆನ್ಸೆ ಕ್ಲಬ್‌ಗೆ ಆಡಲು ಹೋದರು. ಭಾರತದ ಆಟಗಾರನೊಬ್ಬ ಅಲ್ಲಿಗೆ ಹೋಗಿ ಆಡುವುದು ನಾವು ಊಹಿಸಿದ್ದ ಸಂಗತಿಯಲ್ಲ. ಮೊದಲ ವರ್ಷ ಸೆಮಿಫೈನಲ್‌ನಲ್ಲಿ ಶೂಟೌಟ್ ಸೋಲು. ಎರಡನೆಯ ವರ್ಷ ಲೀಗ್ ಹಂತದಲ್ಲಿ ಅಗ್ರಸ್ಥಾನ, ಮುಂಬೈ ವಿರುದ್ಧ 7-0.

2015ರ ಡಿಸೆಂಬರ್ 20, ಭಾನುವಾರ, ಫೈನಲ್. ಎದುರಾಳಿ ಚೆನ್ನೈಯಿನ್, ಅದರ ಕೋಚ್ 2006ರ ವಿಶ್ವಕಪ್ ಗೆದ್ದ ಇಟಲಿಯ ಮಾರ್ಕೊ ಮಟೆರಾಝಿ. ನಾನೂ ಭಾವನೂ ಗೋಲಿನ ಹಿಂದಿನ ಸಾಲುಗಳಲ್ಲಿದ್ದೆವು. ಚೆನ್ನೈ ಮೊದಲು ಮುಂದಾಯಿತು, ಕೆಲವೇ ನಿಮಿಷಗಳಲ್ಲಿ ಹಾವೊಕಿಪ್ ಸಮ ಮಾಡಿದರು. 87ನೇ ನಿಮಿಷದಲ್ಲಿ ಗೋವಾಕ್ಕೆ ಫ್ರೀಕಿಕ್ ಸಿಕ್ಕಿತು. ಜೊಫ್ರೆ ಒದ್ದ ಚೆಂಡು ಬಲೆಗೆ ಬಿತ್ತು. ಇಡೀ ಕ್ರೀಡಾಂಗಣ ಎದ್ದುನಿಂತು ಕುಣಿಯುತ್ತಿದ್ದಾಗ ಭಾವ ನನ್ನ ತೋಳು ಹಿಡಿದು, “ಕೂಗಬೇಡ, ಇನ್ನೂ ಮೂರು ನಿಮಿಷ ಅದೆ” ಎಂದ. ಅವನ ಮುಖದಲ್ಲಿ ಆ ಮಳೆಗಾಲದ ಸಂಜೆ ಇತ್ತು. ನಾನು ಚೆಂಡನ್ನು ಬಿಟ್ಟು ಮೈದಾನದಲ್ಲಿದ್ದ ಗೋವಾದ ಆಟಗಾರರನ್ನೇ ನೋಡತೊಡಗಿದೆ. ಕೆಲವರು ಗಡಿಯಾರ ಓಡಲೆಂದು ನಿಧಾನವಾಗಿ ಹಿಂದಕ್ಕೆ ಹೋಗುತ್ತಿದ್ದರು, ಕೆಲವರು ಇನ್ನೂ ಮುಂದೆಯೇ ಇದ್ದರು, ನಡುವೆ ಯಾರಿಗೂ ಸೇರದ ಜಾಗವೊಂದು ಬಿಟ್ಟುಕೊಂಡಿತ್ತು. 90ನೇ ನಿಮಿಷದಲ್ಲಿ ಗೋಲಿನ ಎದುರಿನ ಗೊಂದಲದಲ್ಲಿ ಚೆಂಡು ಗೆರೆ ದಾಟಿತು. ಅದು ಗೋಲ್‌ಕೀಪರ್ ಲಕ್ಷ್ಮೀಕಾಂತ್ ಕಟ್ಟಿಮನಿ ಅವರ ಸ್ವಂತ ಗೋಲು ಎಂದು ದಾಖಲಾಯಿತು. ನಾವು ಉಸಿರು ತೆಗೆದುಕೊಳ್ಳುವ ಮೊದಲೇ ಮೆಂಡೋಜಾ ಮೂರನೆಯದನ್ನು ಹೊಡೆದಿದ್ದರು. 2-3.

ಕಟ್ಟಿಮನಿ ಅವರನ್ನು ಆ ರಾತ್ರಿ ಬಹಳ ಜನ ಬೈದರು, ನನಗದು ಅನ್ಯಾಯವೆನಿಸಿತು. ಆ ಋತುವಿನ ತಂಡವನ್ನು ಅಲ್ಲಿಯವರೆಗೆ ತಂದವರಲ್ಲಿ ಅವರೂ ಒಬ್ಬರು. ನಿಜವಾದ ಕೊರತೆ ಕಾಲದ್ದು. ಆಗಿನ ಲೀಗ್ ಅಕ್ಟೋಬರಿನಲ್ಲಿ ಶುರುವಾಗಿ ಡಿಸೆಂಬರಿನಲ್ಲಿ ಮುಗಿಯುತ್ತಿತ್ತು. ಆಟಗಾರರು ಬೇರೆ ಬೇರೆ ದೇಶಗಳಿಂದ, ಬೇರೆ ಬೇರೆ ಕ್ಲಬ್‌ಗಳಿಂದ ಬಂದು ಸೇರಿ, ಮೂರು ತಿಂಗಳಿಗೆ ಚದುರಿಹೋಗುತ್ತಿದ್ದರು. ಮುಂದಿನ ವರ್ಷ ಅರ್ಧ ತಂಡ ಹೊಸದು. ಗೋಲು ಹೊಡೆಯುವುದನ್ನು ಮೂರು ತಿಂಗಳಲ್ಲಿ ಹೊಂದಿಸಿಕೊಳ್ಳಬಹುದು, ಏಳು ಗೋಲೂ ಹೊಡೆಯಬಹುದು. ಮುನ್ನಡೆಯಲ್ಲಿರುವಾಗಿನ ಕೊನೆಯ ಮೂರು ನಿಮಿಷಗಳಲ್ಲಿ ಬೇಕಾಗುವ ಒಮ್ಮತ ಅಷ್ಟರಲ್ಲಿ ಬೆಳೆಯುವುದಿಲ್ಲ. ಇದನ್ನು ಕಂಡು ಆಟಗಾರರ ಕೈಕಾಲಿಗೆ ಗೆರೆ ಎಳೆಯುವ ಕೋಚ್ ಆಗಿದ್ದರೆ ಜಿಕೊ ಆ ಕಪ್ ಗೆಲ್ಲುತ್ತಿದ್ದರೇನೋ. ಅವರು ಹಾಗೆ ಮಾಡುವವರಲ್ಲ. 2016ರಲ್ಲಿ ಗೋವಾ ಕೊನೆಯ ಸ್ಥಾನಕ್ಕೆ ಇಳಿಯಿತು, ಆ ಬಳಿಕ ಅವರು ಹೊರಟರು.

ಮತ್ತೆ ಕಾಶಿಮಾ

2018ರ ಬೇಸಿಗೆಯಲ್ಲಿ, 65ರ ವಯಸ್ಸಿನಲ್ಲಿ, ಜಿಕೊ ತಾಂತ್ರಿಕ ನಿರ್ದೇಶಕರಾಗಿ ಕಾಶಿಮಾಕ್ಕೆ ಮರಳಿದರು. ದೇಶದೊಳಗೆ ಎಲ್ಲವನ್ನೂ ಗೆದ್ದಿದ್ದ ಕ್ಲಬ್, 2016ರ ಕ್ಲಬ್ ವಿಶ್ವಕಪ್ ಫೈನಲ್‌ನಲ್ಲಿ ರಿಯಲ್ ಮ್ಯಾಡ್ರಿಡ್ ತಂಡವನ್ನು ಹೆಚ್ಚುವರಿ ಸಮಯದವರೆಗೆ ಎಳೆದಿದ್ದ ಕ್ಲಬ್, ಏಷ್ಯಾ ಚಾಂಪಿಯನ್ಸ್ ಲೀಗ್ ಅನ್ನು ಮಾತ್ರ ಒಮ್ಮೆಯೂ ಗೆದ್ದಿರಲಿಲ್ಲ. ಕೋಚ್ ಓಯಿವಾ ಗೋ, ಅದೇ ಕ್ಲಬ್‌ನಲ್ಲಿ ಆಡಿ ಬಂದವರು. ಅಕ್ಟೋಬರಿನ ಸೆಮಿಫೈನಲ್‌ನಲ್ಲಿ ಕೊರಿಯಾದ ಸುವೊನ್ ಆರಂಭದಲ್ಲೇ 2-0 ಮುನ್ನಡೆ ಪಡೆಯಿತು. ಕಾಶಿಮಾ ಸಮ ಮಾಡಿತು, 93ನೇ ನಿಮಿಷದಲ್ಲಿ ಉಚಿದಾ ಅತ್ಸುತೊ ಗೆಲುವಿನ ಗೋಲು ಹೊಡೆದರು. ಹದಿಹರೆಯದಲ್ಲಿ ಇದೇ ಕ್ಲಬ್‌ನಲ್ಲಿ ಆರಂಭಿಸಿ, ಜರ್ಮನಿಗೆ ಹೋಗಿ, ಅದೇ ವರ್ಷ ಹಿಂತಿರುಗಿದ್ದ ಆಟಗಾರ ಅವರು. ಸುವೊನ್‌ನಲ್ಲಿ ನಡೆದ ಮರುಪಂದ್ಯದಲ್ಲಿ 1-3 ಹಿಂದಿದ್ದಾಗಲೂ 82ನೇ ನಿಮಿಷಕ್ಕೆ 3-3 ಮಾಡಿದರು. ಬೆನ್ನಟ್ಟುವುದು ಜಿಕೊ ಅವರ ತಂಡಗಳಿಗೆ ಎಂದೂ ಕಷ್ಟವಾಗಿರಲಿಲ್ಲ.

ನನ್ನ ಕುತೂಹಲವಿದ್ದದ್ದು ಫೈನಲ್‌ನ ಎರಡನೆಯ ಪಂದ್ಯದ ಬಗ್ಗೆ. ತವರಿನಲ್ಲಿ ಇರಾನಿನ ಪರ್ಸೆಪೊಲಿಸ್ ವಿರುದ್ಧ 2-0ಯಿಂದ ಗೆದ್ದಿದ್ದ ಕಾಶಿಮಾ, ನವೆಂಬರ್ 10ರಂದು ಟೆಹರಾನ್‌ನ ಆಜಾದಿ ಕ್ರೀಡಾಂಗಣದಲ್ಲಿ, ಲಕ್ಷದ ಹತ್ತಿರದ ಎದುರಾಳಿ ಪ್ರೇಕ್ಷಕರ ಕೂಗಿನ ನಡುವೆ, ಬರಿ ಕಾಯಬೇಕಿತ್ತು. ಮೊದಲಾರ್ಧ 0-0. ಎಂಬತ್ತನೇ ನಿಮಿಷ, ಎಂಬತ್ತನಾಲ್ಕು, ಎಂಬತ್ತೇಳು. ರಕ್ಷಣಾ ಗೆರೆ ಇಳಿಯುವಾಗ ಮಿಡ್‌ಫೀಲ್ಡರ್‌ಗಳೂ ಇಳಿದರು, ಒಬ್ಬರು ಚೆಂಡಿನತ್ತ ಹೋದರೆ ಪಕ್ಕದವರು ಆ ಜಾಗಕ್ಕೆ ಬಂದರು. ಪಂದ್ಯ 0-0ಯಲ್ಲೇ ಮುಗಿದು ಕಾಶಿಮಾ ಏಷ್ಯಾದ ಚಾಂಪಿಯನ್ ಆಯಿತು. ತರಬೇತುದಾರರ ಪ್ರಶಸ್ತಿಗಳ ಪಟ್ಟಿಯಲ್ಲಿ ಈ ಗೆಲುವು ಓಯಿವಾ ಅವರ ಹೆಸರಿನ ಮುಂದಿದೆ, ಇರಬೇಕಾದದ್ದೂ ಅಲ್ಲಿಯೇ. ಜಿಕೊ ಸಾಧಾರಣ ತರಬೇತುದಾರ ಎಂದು ಯಾರಾದರೂ ಅಂದಾಗ ನಾನು ಕೈಸರ್ಸ್‌ಲೌಟರ್ನ್, ಫಟೋರ್ಡಾ ಎರಡನ್ನೂ ಒಪ್ಪಿಕೊಂಡು, ಟೆಹರಾನ್‌ನ ಆ ಕೊನೆಯ ಹತ್ತು ನಿಮಿಷಗಳನ್ನು ನೋಡಿ ಎನ್ನುತ್ತೇನೆ.